ಕಿವಿ ಸುಮ್ಮನಿರಲಿ, ಕೆನ್ನೆ ಒಪ್ಪಲಿ

ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ನೀರು ಕುಲುಕಿದರೆ ಕಾಯಿ ಒಳ್ಳೆಯದು. ಬರ್ಮಿಂಗ್‌ಹ್ಯಾಮಿನ ಕೋವಿ ರಿಪೇರಿಯ ಮೇಸ್ತ್ರಿಯೊಬ್ಬರು ಹಳೆಯ ಕೋವಿಯೊಂದನ್ನು ಹಾಗೆಯೇ ಕಿವಿಗೆ ಹಿಡಿದು ಕುಲುಕಿದ್ದನ್ನು ಮೊದಲ ಸಲ ಕಂಡಾಗ ನನಗೆ ಮೂಡಿಗೆರೆಯ ಸಂತೆ ನೆನಪಾಯಿತು. ಆದರೆ ಇಲ್ಲಿ ಲೆಕ್ಕ ತಿರುಗಾಮುರುಗ. ಸದ್ದು ಬಂದರೆ ಕೋವಿಯ ಕೀಲು ಸಡಿಲಾಗಿದೆ ಎಂದರ್ಥ. ಅವರು ಎರಡು ಸಲ ಕುಲುಕಿದರು, ತಲೆಯಾಡಿಸಿದರು, ಕೋವಿಯನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದರು. ಆ ಕೋವಿ ನನ್ನದು. ಅದಕ್ಕೆ ಎಂಟು ತಿಂಗಳ ಹಿಂದೆ ಏಳುನೂರು ಪೌಂಡ್ ಕೊಟ್ಟು ಕೊಂಡದ್ದು.

ಅದರ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಆಟದ ವಿಷಯ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಭಾನುವಾರ ಬೆಳಿಗ್ಗೆ ಕಾರು ಓಡಿಸುತ್ತಾ ಹೋದರೆ ಎಲ್ಲೋ ದೂರದಲ್ಲಿ ಪಟಾಕಿಯ ಸರದಂಥ ಸದ್ದು ಕೇಳುತ್ತದೆ. ಹೊಲದ ಅಂಚಿನಲ್ಲಿ ಹತ್ತಾರು ಜನ ಸಾಲಾಗಿ ನಿಂತಿರುತ್ತಾರೆ. ಒಬ್ಬರು ‘ಪುಲ್’ ಎಂದು ಕೂಗುತ್ತಾರೆ, ಯಂತ್ರವೊಂದು ಕಿತ್ತಳೆ ಬಣ್ಣದ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ, ಕೋವಿ ಗುಡುಗುತ್ತದೆ, ಬಿಲ್ಲೆ ಕಪ್ಪು ಪುಡಿಯಾಗಿ ಉದುರುತ್ತದೆ. ಮಣ್ಣಿನ ಹಕ್ಕಿ ಎಂದು ಕರೆದರೂ ಅದು ಮಣ್ಣೂ ಅಲ್ಲ, ಹಕ್ಕಿಯೂ ಅಲ್ಲ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹೊಯ್ದದ್ದು. ಅಡ್ಡಳತೆ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ, ನಮ್ಮ ಚಹಾದ ತಟ್ಟೆಗಿಂತ ಒಂದಿಷ್ಟು ಚಿಕ್ಕದು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಇಂಥ ಬಿಲ್ಲೆಯನ್ನು ರೂಪಿಸಿದ. ಹುಡುಗರು ನೀರಿನ ಮೇಲೆ ಚಿಪ್ಪು ಎಸೆದು ಹಾರಿಸುವುದನ್ನು ನೋಡಿ ಅವನಿಗೆ ಹೊಳೆಯಿತಂತೆ. ಅದಕ್ಕೆ ಮುಂಚೆ ಗಾಜಿನ ಗೋಲಿಗಳನ್ನು ಎಸೆದು ಹೊಡೆಯುತ್ತಿದ್ದರು, ಇನ್ನೂ ಹಿಂದೆ ಪಂಜರದಿಂದ ಬಿಟ್ಟ ಜೀವಂತ ಪಾರಿವಾಳಗಳನ್ನು. ಬ್ರಿಟನ್ ಆ ಕ್ರೌರ್ಯವನ್ನು 1921ರ ಕಾಯಿದೆಯಿಂದ ನಿಲ್ಲಿಸಿತು. ನನಗೆ ಈ ಆಟ ಹಿಡಿಸಿದ್ದೂ ಅದರಿಂದಲೇ. ನನ್ನ ಅಜ್ಜ ಶಿಕಾರಿಯ ಮನುಷ್ಯ, ನಾನಲ್ಲ. ಆದರೆ ಕೋವಿಯ ಎಣ್ಣೆಯ ವಾಸನೆ, ಮದ್ದಿನ ವಾಸನೆ ನನ್ನ ಬಾಲ್ಯದೊಳಗೆ ಇಳಿದುಬಿಟ್ಟಿವೆ. ಹಕ್ಕಿಯ ರಕ್ತವಿಲ್ಲದೆ ಅವು ಮತ್ತೆ ಸಿಕ್ಕವು.

ಅಜ್ಜನದು ಜೋಡುನಳಿಗೆ ಕೋವಿ. ಎರಡು ನಳಿಗೆಗಳು ನೇಗಿಲಿಗೆ ಕಟ್ಟಿದ ಜೋಡೆತ್ತಿನಂತೆ ಪಕ್ಕಪಕ್ಕ. ಅದರ ಮೇಲೆ ಕೆತ್ತಿದ್ದ ಬರ್ಮಿಂಗ್‌ಹ್ಯಾಮ್ ಎಂಬ ಹೆಸರನ್ನು ಓದಿ ಓದಿಯೇ ನಾನು ಇಂಗ್ಲಿಷಿನ ದೊಡ್ಡಕ್ಷರ ಕಲಿತದ್ದು. ಮಣ್ಣಿನ ಹಕ್ಕಿಯ ಮೈದಾನದಲ್ಲಿ ಅಂಥ ಕೋವಿ ಈಗ ಅಪರೂಪ. ಇಲ್ಲಿ ನಡೆಯುವುದು ಒಂದರ ಮೇಲೊಂದು ನಳಿಗೆ ಕೂರಿಸಿದ ಕೋವಿ. ಇಂಗ್ಲಿಷಿನಲ್ಲಿ ‘ಓವರ್ ಅಂಡರ್’ ಎನ್ನುವುದನ್ನು ನಾನು ಮಹಡಿ ನಳಿಗೆ ಎಂದು ಮನಸ್ಸಿನಲ್ಲೇ ಕನ್ನಡಿಸಿಕೊಂಡಿದ್ದೇನೆ. ಕಣ್ಣಿನ ಮುಂದೆ ಎರಡು ನಳಿಗೆಗಳ ಅಗಲದ ಬದಲು ಒಂದೇ ನಳಿಗೆಯ ತೆಳು ಗೆರೆ. ಗಂಟೆಗೆ ಎಂಬತ್ತು, ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾರುವ ಬಿಲ್ಲೆಯನ್ನು ಹಿಂಬಾಲಿಸಿ, ದಾಟಿ, ಅದರ ಮುಂದಿನ ಖಾಲಿ ಜಾಗಕ್ಕೆ ಈಡು ಬಿಡಬೇಕಾದಾಗ ಆ ತೆಳು ಗೆರೆ ದೊಡ್ಡ ಆಸರೆ. ಮೊದಲು ಹಾರುವುದು ಸಾಮಾನ್ಯವಾಗಿ ಕೆಳಗಿನ ನಳಿಗೆ. ಅದು ಭುಜದ ಸಾಲಿಗೆ ಹತ್ತಿರ ಇರುವುದರಿಂದ ಒದೆತ ನೇರ ಹಿಂದಕ್ಕೆ ಬರುತ್ತದೆ, ಮೂತಿ ಮೇಲಕ್ಕೆ ಅಷ್ಟಾಗಿ ಜಿಗಿಯುವುದಿಲ್ಲ, ಎರಡನೆಯ ಬಿಲ್ಲೆಗೆ ಕೋವಿ ಬೇಗ ಸಿದ್ಧ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಒಟ್ಟಿಗೆ ಎರಡು ಬಿಲ್ಲೆ ಹಾರುವ ಡಬಲ್ ಟ್ರ್ಯಾಪ್‌ನಲ್ಲಿ. ಅಲ್ಲಿ ಎರಡನೆಯ ಈಡಿಗೆ ಸಿಗುವ ಸಮಯ ರೆಪ್ಪೆ ಬಡಿದಷ್ಟು.

ಇನ್ನು ನನ್ನ ಏಳುನೂರು ಪೌಂಡಿನ ಕಥೆ. ಒಳ್ಳೆಯ ಹೊಸ ಕೋವಿಗೆ ಎರಡು ಸಾವಿರ ಪೌಂಡ್ ದಾಟುವ ಬೆಲೆ. ಹಾಗಾಗಿ ಹಳೆಯದಕ್ಕೆ ಕೈ ಹಾಕಿದೆ. ಖಾಸಗಿಯವರೊಬ್ಬರ ಮನೆಯಲ್ಲಿ ನೋಡಿದ ಕೋವಿಯ ಪಕ್ಕೆಗಳ ಮೇಲೆ ಬಳ್ಳಿ, ಬಾತು, ನಾಯಿಗಳ ಕೆತ್ತನೆ. ಹಿಡಿಯ ಮರ ಜೇನಿನ ಬಣ್ಣದ ವಾಲ್ನಟ್. ನಳಿಗೆಗಳು ಕಾಗೆಯ ರೆಕ್ಕೆಯಂತೆ ನೀಲಿಗಪ್ಪು, ಒಂದು ಗೀರೂ ಇಲ್ಲ. ಆ ಗೀರಿಲ್ಲದ ಮೈಯೇ ನನ್ನನ್ನು ಎಚ್ಚರಿಸಬೇಕಿತ್ತು. ಮೂವತ್ತು ವರ್ಷ ಮಳೆಯಲ್ಲಿ ನೆನೆದ ಕೋವಿಗೆ ಮದುಮಗಳ ಮೈಬಣ್ಣ ಎಲ್ಲಿಂದ ಬರಬೇಕು? ಬಣ್ಣ ಹೊಸದು. ತುಕ್ಕಿನ ಕುಳಿಗಳನ್ನು ಉಜ್ಜಿ ತೆಗೆದು ಮತ್ತೆ ಬಣ್ಣ ಹಾಕಿದ್ದರು. ಹೊರಗೆ ಉಜ್ಜಿದ್ದರೆ ಒಂದು ಮಾತು, ನಳಿಗೆಯ ಒಳಗೂ ಉಜ್ಜಿದ್ದರು. ಮೇಸ್ತ್ರಿಯವರು ಅಳತೆ ಕೋಲು ತೂರಿಸಿ ನೋಡಿದಾಗ, 18.4 ಮಿಲಿಮೀಟರ್ ಎಂದು ಮುದ್ರೆ ಒತ್ತಿದ್ದ ನಳಿಗೆಯ ಒಳಬಾಯಿ 18.7 ಆಗಿತ್ತು.

ಈ ಮುದ್ರೆ ಎಂಬುದು ಸಣ್ಣ ವಿಷಯವಲ್ಲ. ಪ್ರತಿ ಕೋವಿಯನ್ನೂ ಮಾರುವ ಮೊದಲು ಪ್ರೂಫ್ ಹೌಸ್ ಎಂಬ ಪರೀಕ್ಷಾಲಯದಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ನೋಡುತ್ತಾರೆ. ತಡೆದುಕೊಂಡರೆ ನಳಿಗೆಯ ಮೇಲೆ ಮುದ್ರೆ, ಜೊತೆಗೆ ಒಳಬಾಯಿಯ ಅಳತೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜನ ಸನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ ಸಂಸತ್ತಿನ ಕಾಯಿದೆಯಿಂದ ಸ್ಥಾಪನೆಯಾದದ್ದು 1813ರಲ್ಲಿ. ಕಾಲುವೆಯ ಪಕ್ಕದ ಆ ಇಟ್ಟಿಗೆ ಕಟ್ಟಡದಲ್ಲಿ ಇವತ್ತಿಗೂ ಕೋವಿಗಳ ಪರೀಕ್ಷೆ ನಡೆಯುತ್ತದೆ. ಮುದ್ರೆಯ ಅಳತೆಯನ್ನು ಮಿತಿ ಮೀರಿ ದಾಟಿದ ನಳಿಗೆ ಪರೀಕ್ಷೆಯಿಂದ ಹೊರಬಿದ್ದ ನಳಿಗೆ. ಅಂಥದ್ದನ್ನು ಬ್ರಿಟನ್ನಿನಲ್ಲಿ ಮಾರುವುದು ಅಪರಾಧ. ಕಾರಣ ಸರಳ: ಒಳಗೆ ಉಜ್ಜಿದಷ್ಟೂ ಗೋಡೆ ತೆಳ್ಳಗಾಗುತ್ತದೆ, ಆ ಗೋಡೆಯ ಮೇಲೆಯೇ ಎಡಗೈ ಇರುತ್ತದೆ. ಎಂಟು ತಿಂಗಳು ನನ್ನ ಎಡಗೈ ಅಲ್ಲಿತ್ತು ಎಂದು ನೆನೆದರೆ ಇವತ್ತಿಗೂ ಬೆರಳುಗಳು ತಣ್ಣಗಾಗುತ್ತವೆ. ಮಾರಿದವರಿಗೆ ಇದು ತಿಳಿದಿತ್ತೋ ಇಲ್ಲವೋ, ಕೇಳಲು ಹೋದಾಗ ಅವರು ಊರು ಬಿಟ್ಟಿದ್ದರು. ಕೋವಿ ಬಿಡಿಭಾಗಗಳ ಬೆಲೆಗೆ ಹೋಯಿತು.

ಕಣ್ಣು ಕೊಂಡ ಕೋವಿ ಅದು. ಎರಡನೆಯದನ್ನು ಕಿವಿಯೂ ಕೆನ್ನೆಯೂ ಕೊಳ್ಳಬೇಕೆಂದು ನಿರ್ಧರಿಸಿದೆ. ಮೇಸ್ತ್ರಿಯವರ ಪಕ್ಕದಲ್ಲಿ ನಿಂತು ಎರಡು ಚಳಿಗಾಲ ನೋಡಿ ಕಲಿತೆ.

ಕಿವಿಯ ಕೆಲಸ ಹೀಗೆ. ಎಡಗೈ ಹಿಡಿಯುವ ಮುಂಗೈಮರವನ್ನು ಮೊದಲು ಬಿಚ್ಚಬೇಕು. ಅದರೊಳಗಿನ ಬಿಗಿ ಎಷ್ಟೋ ಸಡಿಲುಗಳನ್ನು ಮುಚ್ಚಿಹಾಕುತ್ತದೆ. ಬಿಚ್ಚಿದ ಮೇಲೆ ಕೋವಿಯನ್ನು ಮುಚ್ಚಿ, ಹಿಡಿಯ ಕತ್ತನ್ನು ಹಿಡಿದು ಕುಲುಕಬೇಕು. ಟಿಕ್ ಎಂಬ ಸದ್ದಾಗಲಿ, ಅಂಗೈಗೆ ತಾಗುವ ಅಲುಗಾಟವಾಗಲಿ ಇರಬಾರದು. ಆಮೇಲೆ ನಳಿಗೆಗಳನ್ನೇ ಬೇರ್ಪಡಿಸಿ, ಕೆಳಗಿನ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ, ಗೆಣ್ಣಿನಿಂದ ತಟ್ಟಬೇಕು. ಕುಂಬಾರನ ಹತ್ತಿರ ಮಡಕೆ ತಟ್ಟಿ ಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಂಟೆಯಂತೆ ಮೊಳಗಿದರೆ ಎರಡು ನಳಿಗೆಗಳನ್ನು ಬೆಸೆದ ಪಟ್ಟಿಗಳು ಗಟ್ಟಿಯಾಗಿವೆ. ಒಡಕು ಮಡಕೆಯಂತೆ ಸದ್ದು ಸತ್ತುಹೋದರೆ ಬೆಸುಗೆ ಎಲ್ಲೋ ಬಿಟ್ಟಿದೆ, ಆ ಸಂದಿಯೊಳಗೆ ನೀರು ಹೋಗಿದೆ, ಕಣ್ಣಿಗೆ ಕಾಣದ ಜಾಗದಲ್ಲಿ ತುಕ್ಕು ಕೂತಿದೆ.

ಕಣ್ಣಿಗೂ ಕೆಲಸವಿದೆ, ಆದರೆ ಅದು ಕೆತ್ತನೆ ನೋಡುವುದಲ್ಲ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರೆ ನೆರಳಿನ ಉಂಗುರಗಳು ಒಂದರೊಳಗೊಂದು ಸಮವಾಗಿ ಕಾಣಬೇಕು. ಎಲ್ಲಾದರೂ ಉಂಗುರ ವಕ್ರವಾದರೆ ಅಲ್ಲಿ ತಗ್ಗೋ ಉಬ್ಬೋ ಇದೆ. ತಗ್ಗನ್ನು ಮೇಸ್ತ್ರಿ ಎತ್ತಬಲ್ಲ. ಉಬ್ಬು ಇದ್ದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಕೋವಿಯನ್ನು ತೆರೆಯುವ ಮೇಲಿನ ಸನ್ನೆ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಹೊಸ ಕೋವಿಯಲ್ಲಿ ಅದು ನಡುಗೆರೆಯ ಬಲಕ್ಕೆ ನಿಂತಿರುತ್ತದೆ. ಸಾವಿರಾರು ಸಲ ತೆರೆದು ಮುಚ್ಚಿ ಸವೆದಂತೆ ನಡುವಿಗೆ ಬರುತ್ತದೆ, ಮತ್ತೂ ಸವೆದರೆ ಎಡಕ್ಕೆ ದಾಟುತ್ತದೆ. ಗಡಿಯಾರದ ಮುಳ್ಳಿನಂತೆ ಅದು ಕೋವಿಯ ವಯಸ್ಸು ಹೇಳುತ್ತದೆ, ತಯಾರಾದ ಇಸವಿಗಿಂತ ನಿಜವಾದ ವಯಸ್ಸು. ಸ್ಕ್ರೂಗಳ ತಲೆಯ ಸೀಳು ನೇರವಾಗಿದೆಯೇ, ಹರಿದು ಹಲ್ಲುಹಲ್ಲಾಗಿದೆಯೇ? ಹರಿದಿದ್ದರೆ ಕಸುಬು ತಿಳಿಯದವರು ಯಾರೋ ಒಳಗೆ ಕೈಯಾಡಿಸಿದ್ದಾರೆ. ಹಿಡಿಯ ಮರ ಉಕ್ಕಿಗೆ ಸೇರುವ ಕಡೆ ಕಪ್ಪಗೆ ಮೆತ್ತಗಾಗಿದ್ದರೆ, ವರ್ಷಾನುಗಟ್ಟಲೆ ಎಣ್ಣೆ ಸುರಿದು ನೆಟ್ಟಗೆ ನಿಲ್ಲಿಸಿಟ್ಟ ಕೋವಿ ಅದು. ಎಣ್ಣೆ ಇಳಿದಿಳಿದು ಮರವನ್ನು ಹಾಳುಮಾಡಿದೆ. ಕೊನೆಯದು ಮೂರು ಭಾಗಗಳ ನಂಬರು: ನಳಿಗೆ, ಆಕ್ಷನ್ ಎಂಬ ನಡುವಿನ ಉಕ್ಕಿನ ಭಾಗ, ಮುಂಗೈಮರ, ಮೂರರದ್ದೂ ಒಂದೇ ಇರಬೇಕು.

ಟ್ರಿಗರ್ ಒಂದೇ ಇರುವ ಕೋವಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಹಳಷ್ಟು ಕೋವಿಗಳು ಮೊದಲ ಈಡಿನ ಒದೆತದ ಬಲದಿಂದಲೇ ಎರಡನೆಯ ನಳಿಗೆಗೆ ಟ್ರಿಗರನ್ನು ಬದಲಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ಹುಸಿ ತೋಟಾ ಹಾಕಿ ಒತ್ತಿದರೆ ಎರಡನೆಯದು ಕೆಲಸ ಮಾಡದು, ಕೋವಿ ಕೆಟ್ಟಿದೆ ಎಂದು ಹೊಸಬರು ಹೆದರುತ್ತಾರೆ. ಹಿಡಿಯ ಬುಡಕ್ಕೆ ಅಂಗೈಯಿಂದ ಒಂದು ಗುದ್ದು ಕೊಟ್ಟು ಮತ್ತೆ ಒತ್ತಬೇಕು. ಆಗಲೂ ಮೌನವಾದರೆ ಮಾತ್ರ ದೋಷ. ಹಾಗೆಯೇ ಒಂದೇ ನಳಿಗೆ ಹಾರಿಸಿ ತೆರೆದಾಗ ಆ ಒಂದೇ ತೋಟಾ ಹೊರಗೆ ಜಿಗಿಯಬೇಕು, ಇನ್ನೊಂದು ಸುಮ್ಮನೆ ತಲೆ ಎತ್ತಬೇಕು.

ಯಾವ ಹೆಸರಿನ ಕೋವಿ? ನನ್ನನ್ನು ಹೆಚ್ಚು ಜನ ಕೇಳುವುದು ಇದನ್ನೇ, ಅದಕ್ಕೊಂದು ಸುಂದರ ಇತಿಹಾಸವಿದೆ. ಕಳೆದ ಶತಮಾನದ ಆರಂಭದಲ್ಲಿ ಮಹಡಿ ನಳಿಗೆ ಎಂದರೆ ಲಂಡನ್ನಿನ ಬಾಸ್‌ನಂಥ ಕೆಲವೇ ಮನೆತನಗಳು ಕೈಯಿಂದ ಮಾಡುತ್ತಿದ್ದ, ಶ್ರೀಮಂತರಿಗಷ್ಟೇ ಎಟುಕುವ ವಸ್ತು. ಅಮೆರಿಕದ ಮಹಾ ಕೋವಿಶಿಲ್ಪಿ ಜಾನ್ ಮೋಸಸ್ ಬ್ರೌನಿಂಗ್ ತನ್ನ ಕೊನೆಯ ವರ್ಷಗಳನ್ನು ಅದನ್ನು ಕಾರ್ಖಾನೆಯಲ್ಲಿ ಮಾಡಬಹುದಾದ ಕೋವಿಯಾಗಿಸಲು ಕೊಟ್ಟ. 1926ರ ನವೆಂಬರ್ 26ರಂದು ಬೆಲ್ಜಿಯಮ್ಮಿನ ಲಿಯೇಜ್ ನಗರದ ಎಫ್‌ಎನ್ ಕಾರ್ಖಾನೆಯಲ್ಲೇ ಅವನು ಹೃದಯಾಘಾತದಿಂದ ತೀರಿಕೊಂಡ. ಒಂದೇ ಟ್ರಿಗರಿನ ಕೆಲಸವನ್ನು ಮಗ ವ್ಯಾಲ್ ಪೂರೈಸಿದ. 1931ರಲ್ಲಿ ‘ಸೂಪರ್‌ಪೋಸ್ಡ್’ ಮಾರುಕಟ್ಟೆಗೆ ಬಂತು. ಆ ಕೋವಿಯೂ ಕಾಲಕ್ರಮೇಣ ದುಬಾರಿಯಾದಾಗ, ಅದರ ವಂಶದ ‘ಸಿಟೋರಿ’ಯನ್ನು 1973ರಿಂದ ಜಪಾನಿನ ಮಿರೋಕು ಕಂಪನಿ ಮಾಡತೊಡಗಿತು. ಕೊಚಿ ಪ್ರಾಂತ್ಯದ ಈ ಕಂಪನಿ ಹುಟ್ಟಿದ್ದು 1893ರಲ್ಲಿ. ತಿಮಿಂಗಿಲ ಬೇಟೆಯ ಫಿರಂಗಿಗಳನ್ನೂ ಮಾಡುತ್ತಿದ್ದವರು ಅವರು. ಬ್ರಿಟನ್ನಿನಲ್ಲಿ ಅದೇ ಮನೆತನದ ಕೋವಿಗಳು ಮಿರೋಕು ಎಂಬ ಸ್ವಂತ ಹೆಸರಿನಲ್ಲೂ ಮಾರಾಟವಾದವು. ನಳಿಗೆ ಮಡಚುವ ಕೀಲು ಅಗಲಕ್ಕೂ ಹಾಯ್ದ ದಪ್ಪ ಗೂಟ, ಬೀಗ ಕೆಳಗಿನ ಅಗಲ ಚಿಲಕ. ನಮ್ಮ ಹಳೆಮನೆಯ ಬಾಗಿಲಿನ ಅಗುಳಿಯಂಥ ವ್ಯವಸ್ಥೆ. ಆದ್ದರಿಂದಲೇ ಹಳೆಯ ಮಿರೋಕು ಕಂಡರೆ ಮೇಸ್ತ್ರಿಗಳ ಮುಖ ಅರಳುತ್ತದೆ.

ಇನ್ನೊಂದು ದಾರಿ ಇಟಲಿಯ ಬೆರೆಟ್ಟಾ. 1526ರಲ್ಲಿ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ನಳಿಗೆ ಒದಗಿಸಿ 296 ಡುಕಾಟ್ ಪಡೆದ ಲೆಕ್ಕ ಆ ಮನೆತನದ ಹೆಸರಿನಲ್ಲಿದೆ. ಅದರ 680 ಸರಣಿಯ ಕೋವಿಗಳಲ್ಲಿ ಕೀಲು ತಳದಲ್ಲಿಲ್ಲ, ಎರಡು ಪಕ್ಕದ ಗೋಡೆಗಳಲ್ಲಿ ಗುಂಡಿಯಂತೆ ಕೂತಿದೆ. ಹಾಗಾಗಿ ಕೋವಿಯ ಹೊಟ್ಟೆ ತೆಳು, ನಳಿಗೆಗಳು ಕೈಗೆ ಹತ್ತಿರ. ಕೀಲು ಸವೆದರೆ ಆ ಗುಂಡಿಗಳನ್ನೇ ತೆಗೆದು ಕೊಂಚ ದೊಡ್ಡದನ್ನು ಕೂರಿಸಬಹುದು. ಹಳೆಯದನ್ನು ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಡ. ಕಡಿಮೆ ಬೆಲೆಗೆ ರಷ್ಯಾದ ಇಜೆವ್‌ಸ್ಕ್‌ನ ಬೈಕಾಲ್ ಸಿಗುತ್ತದೆ. ಒರಟು, ಭಾರ, ಆದರೆ ಮುರಿಯದು. ಸ್ಪೇನಿನ ಲ್ಯಾನ್‌ಬರ್ ಇನ್ನೂ ನಯ, ಆದರೆ ಆ ಕಾರ್ಖಾನೆ ಮುಚ್ಚಿರುವುದರಿಂದ ಬಿಡಿಭಾಗಕ್ಕೆ ಪರದಾಡಬೇಕು. ಹೆಸರಿಗಿಂತ ನಾನು ಕೇಳುವ ಪ್ರಶ್ನೆ ಒಂದೇ: ನಾಳೆ ಇದರ ಸ್ಪ್ರಿಂಗ್ ಮುರಿದರೆ ಯಾರು ಹಾಕಿಕೊಡುತ್ತಾರೆ?

ಈಗ ಕೆನ್ನೆ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ರೈಫಲ್‌ಗೆ ಹಿಂದಿನ ಗುರಿಕಣ್ಣು ಇರುತ್ತದೆ, ಇಂಥ ಕೋವಿಗೆ ಇರುವುದಿಲ್ಲ. ನಿಮ್ಮ ಕಣ್ಣೇ ಆ ಗುರಿಕಣ್ಣು, ಅದನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು ಕೆನ್ನೆ ಒರಗುವ ಮರ. ಮರ ತಗ್ಗಾದರೆ ಕಣ್ಣು ಕೆಳಗೆ ಕೂರುತ್ತದೆ, ಈಡು ಬಿಲ್ಲೆಯ ಕೆಳಗೆ ಹೋಗುತ್ತದೆ. ಎತ್ತರವಾದರೆ ಮೇಲಕ್ಕೆ. ಹದಿನಾರು ಗಜ ದೂರದ ಹಲಗೆಗೆ ಹೊಡೆದು ನೋಡುವ ಹಳೆಯ ಲೆಕ್ಕವೊಂದಿದೆ: ಮರದಲ್ಲಿ ಇಂಚಿನ ಹದಿನಾರನೇ ಒಂದು ಪಾಲು ಬದಲಾದರೆ ಹಲಗೆಯ ಮೇಲೆ ಈಡು ಒಂದು ಇಂಚು ಸರಿಯುತ್ತದೆ. ನಲವತ್ತು ಗಜಕ್ಕೆ ಅದೇ ಎರಡೂವರೆ ಇಂಚು. ಕೋವಿಯನ್ನು ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ನಳಿಗೆಯ ಮೇಲಿನ ಪಟ್ಟಿ ತೆಳುವಾಗಿ, ತುದಿಯ ಮಣಿ ನಟ್ಟನಡುವೆ ಕಂಡರೆ ಕೋವಿ ನಿಮ್ಮದು. ಉಕ್ಕಿನ ಗೋಡೆಯಷ್ಟೇ ಕಂಡರೆ, ಅಥವಾ ಪಟ್ಟಿ ಉದ್ದ ರಸ್ತೆಯಂತೆ ಚಾಚಿಕೊಂಡರೆ, ಮರ ಬದಲಿಸದೆ ಗತಿಯಿಲ್ಲ. ಯಾವ ಕಣ್ಣು ಯಜಮಾನ ಎಂಬುದನ್ನೂ ಮೊದಲೇ ತಿಳಿದುಕೊಳ್ಳಬೇಕು. ನನಗೆ ಬಲಗೈ, ಎಡಗಣ್ಣು. ಕನ್ನಡಕದ ಎಡಗಾಜಿನ ಮೇಲೆ ಹೆಬ್ಬೆರಳಿನುಗುರಿನಷ್ಟು ಟೇಪು ಅಂಟಿಸಿಕೊಂಡ ದಿನ ನನ್ನ ಲೆಕ್ಕ ಇಪ್ಪತ್ತೈದಕ್ಕೆ ಒಂಬತ್ತರಿಂದ ಹದಿನಾಲ್ಕಕ್ಕೆ ಏರಿತು.

ಕೊಳ್ಳುವ ಮೊದಲು ಹೊಡೆದು ನೋಡಲು ಬ್ರಿಟನ್ನಿನ ಕಾನೂನು ದಾರಿ ಕೊಟ್ಟಿದೆ. ಪೊಲೀಸ್ ಮುಖ್ಯಾಧಿಕಾರಿ ಅನುಮತಿಸಿದ ಮೈದಾನದಲ್ಲಿ, ಅನುಮತಿಸಿದ ಹೊತ್ತಿನಲ್ಲಿ, ಪ್ರಮಾಣಪತ್ರ ಇಲ್ಲದವರೂ ಕ್ಲಬ್ಬಿನ ಕೋವಿಯಿಂದ ಬಿಲ್ಲೆ ಹೊಡೆಯಬಹುದು. ಸ್ವಂತ ಕೋವಿ ಬೇಕೆಂದರೆ ಐದು ವರ್ಷದ ಶಾಟ್‌ಗನ್ ಪ್ರಮಾಣಪತ್ರ ಬೇಕು. ವೈದ್ಯರ ಮಾಹಿತಿ ಕೇಳುತ್ತಾರೆ, ಪೊಲೀಸರು ಮನೆಗೆ ಬಂದು ಮಾತಾಡುತ್ತಾರೆ, ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ ನೋಡುತ್ತಾರೆ. ಆ ಪ್ರಶ್ನೆಗಳಲ್ಲಿ ಒಂದೂ ನನಗೆ ಹೆಚ್ಚು ಅನ್ನಿಸಲಿಲ್ಲ. ನನ್ನ ಮನೆಯಲ್ಲಿ ಮಕ್ಕಳಿದ್ದಾರೆ.

ಊರಿನವರು ಫೋನಿನಲ್ಲಿ ಕೇಳುತ್ತಾರೆ, ನಮಗೂ ಇಂಥದ್ದು ಸಿಗುತ್ತದೆಯೇ ಎಂದು. ಭಾರತದಲ್ಲಿ ಸಾಮಾನ್ಯ ಲೈಸೆನ್ಸುದಾರರು ವಿದೇಶದಿಂದ ಕೋವಿ ತರಿಸುವಂತಿಲ್ಲ. ಆ ಅವಕಾಶ ಮಾನ್ಯತೆ ಪಡೆದ ಕ್ರೀಡಾಪಟುಗಳಿಗೆ ಮಾತ್ರ. ಹೀಗಾಗಿ ಒಳ್ಳೆಯ ಹಳೆಯ ಮಹಡಿ ನಳಿಗೆಯೊಂದು ಅಲ್ಲಿ ಕಡಿಮೆ ಬೆಲೆಗೆ ಕೈಬದಲಾಗುವ ಮಾರುಕಟ್ಟೆಯೇ ಬೆಳೆದಿಲ್ಲ. ಕೊಡಗಿನವರ ಮಾತು ಬೇರೆ. 1861ರಷ್ಟು ಹಿಂದಿನಿಂದ ಬಂದ ಲೈಸೆನ್ಸ್ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ, ಸದ್ಯಕ್ಕೆ 2029ರ ತನಕ ಮುಂದುವರಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಹೂ ಮುಡಿದ ಕೋವಿಗೆ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. ಕಾಯಿ ನಿಂತಿರುತ್ತದೆ, ಬಿಲ್ಲೆ ಓಡುತ್ತದೆ ಎಂಬುದು ವ್ಯತ್ಯಾಸ. ಕೋವಿಯನ್ನು ಮನೆಯ ಹಿರಿಯನಂತೆ ನೋಡಿಕೊಳ್ಳುವ ಆ ಕೈಗಳು ನನಗೆ ಇಲ್ಲಿನ ಮೇಸ್ತ್ರಿಯ ಕೈಗಳಲ್ಲಿ ಕಂಡಿವೆ.

ಕೊನೆಗೂ ನಾನು ಕೊಂಡದ್ದು ಮಿರೋಕು. ನೋಂದಾಯಿತ ಅಂಗಡಿಯ ಮೂಲೆಯಲ್ಲಿ ಎರಡು ವರ್ಷದಿಂದ ನಿಂತಿದ್ದ ಕೋವಿ, 450 ಪೌಂಡ್. ಬೆಲೆ ಇಳಿದದ್ದಕ್ಕೆ ಕಾರಣಗಳು ಮೂರು, ಮೂರೂ ನನಗೆ ವರವಾದವು. ನಳಿಗೆ 28 ಇಂಚಿನದು. ಈಗಿನ ಫ್ಯಾಷನ್ 30, 32 ಇಂಚು, ಹಾಗಾಗಿ 28ನ್ನು ಯಾರೂ ಮುಟ್ಟುವುದಿಲ್ಲ. ಐದಡಿ ಐದಿಂಚಿನ ನನಗೆ ಅದು ಹಗುರ. ಹಿಡಿಯ ಮರವನ್ನು ಹಿಂದಿನ ಒಡತಿ ತನ್ನ ತೋಳಿಗೆ ತಕ್ಕಂತೆ ಕತ್ತರಿಸಿದ್ದಳು. ಉದ್ದ ತೋಳಿನ ಇಂಗ್ಲಿಷರಿಗೆ ಅದು ಗಿಡ್ಡ, ನನಗೆ ಹೇಳಿ ಮಾಡಿಸಿದ ಅಳತೆ. ಮೂರನೆಯದು, ನಳಿಗೆಯ ತುದಿಯ ಚೋಕ್ ಬದಲಿಸಲಾಗದ್ದು. ಚರೆ ಹರಡದಂತೆ ತುದಿಯನ್ನು ಬಿಗಿಮಾಡುವ ಈ ಚೋಕ್‌ಗಳನ್ನು ಈಗಿನವರು ತಿರುಪಿ ಬದಲಿಸುತ್ತಾರೆ. ನನ್ನದರಲ್ಲಿ ಒಂದು ನಳಿಗೆ ಕಾಲು, ಇನ್ನೊಂದು ಅರ್ಧ ಬಿಗಿ, ಜೀವನಪೂರ್ತಿ ಅಷ್ಟೇ. ಆ ಅರ್ಧ ಎಂಬ ಮಾತಿಗೆ ಈಗ ಬೆಲೆ ಬಂದಿದೆ. ನೀರುಹಕ್ಕಿಗಳು ಸೀಸದ ಚರೆ ನುಂಗಿ ಸಾಯುವುದನ್ನು ತಪ್ಪಿಸಲು, ಸೀಸದ ಮದ್ದುಗುಂಡನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಉಕ್ಕಿನ ಚರೆ ಸೀಸದಂತೆ ಮೆತ್ತಗಾಗಿ ಹಿಂಡಿಕೊಳ್ಳುವುದಿಲ್ಲ, ಬಿಗಿ ಚೋಕ್‌ನ ನಳಿಗೆಯನ್ನು ಉಬ್ಬಿಸಬಹುದು. ಅರ್ಧ ಬಿಗಿಯ ತನಕ ಸಾಮಾನ್ಯ ಉಕ್ಕಿನ ತೋಟಾಕ್ಕೆ ತೊಂದರೆಯಿಲ್ಲ ಎನ್ನುತ್ತಾರೆ ಮೇಸ್ತ್ರಿ. ಪೂರ್ತಿ ಬಿಗಿಯ ಹಳೆಯ ಟ್ರ್ಯಾಪ್ ಕೋವಿ ಕೊಂಡವರು ಮೊದಲು ಅದನ್ನು ಕೊರೆಸಿ ಸಡಿಲಿಸಬೇಕು, ಆ ಖರ್ಚನ್ನು ಚೌಕಾಸಿಯಲ್ಲೇ ಇಳಿಸಿಕೊಳ್ಳಬೇಕು.

ಅಂಗಡಿಯಲ್ಲಿ ಮುಂಗೈಮರ ಬಿಚ್ಚಿ ಕಿವಿಗೆ ಹಿಡಿದೆ. ಕುಲುಕಿದೆ. ಏನೂ ಕೇಳಲಿಲ್ಲ. ನಳಿಗೆ ತೂಗುಹಾಕಿ ತಟ್ಟಿದೆ, ದೇವಸ್ಥಾನದ ಸಣ್ಣ ಗಂಟೆಯಂತೆ ಮೊಳಗಿ ಮೊಳಗಿ ಬಹಳ ಹೊತ್ತಿಗೆ ಅಡಗಿತು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿದೆ. ಕೆನ್ನೆ ಒರಗಿದ ಜಾಗದಲ್ಲಿ ಮರದ ಪಾಲಿಶ್ ಸವೆದು ಅಂಗೈ ಅಗಲದ ಮಾಸಲು ಕಲೆಯಾಗಿತ್ತು. ಯಾರೆಂದು ತಿಳಿಯದ ಆ ಒಡತಿ ಎಷ್ಟೋ ವರ್ಷ ಅಲ್ಲಿ ಕೆನ್ನೆ ಇಟ್ಟಿದ್ದಳು. ಕಣ್ಣು ತೆರೆದಾಗ ತುದಿಯ ಮಣಿ ನಡುವೆ ನಿಂತಿತ್ತು.